ಹತ್ತನೆಯ ತರಗತಿ ರಿವಿಜನ್: ಗದಗ ಭಾಗದ ಮಕ್ಕಳು, ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ದಿನಾ ಸಂಜೆ ಹತ್ತನೆಯ ತರಗತಿಯ ಮಕ್ಕಳು ಓದಲು ಕೂರುತ್ತಾರೆ. ಪಕ್ಕದ ಓಣಿಯಿಂದ ಮಗ್ಗದ ಸಪ್ಪಳ ಕೇಳುತ್ತಿರುತ್ತದೆ. ಜನವರಿ ಬಂತೆಂದರೆ ಹೊಸ ಪಾಠ ಕಡಿಮೆಯಾಗುತ್ತದೆ, ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಮಕ್ಕಳು ಕೇಳುತ್ತಾರೆ. ಅವರನ್ನು ಕರೆದುಕೊಂಡು ಹೋಗಲು ಬಂದ ಅವ್ವ, ಅಪ್ಪ ಬಾಗಿಲಲ್ಲೇ ನಿಂತು ಕೇಳುತ್ತಾರೆ. ವರ್ಷ ವರ್ಷವೂ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಅವುಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಅಕ್ಕೋರೇ, ಪುಸ್ತಕ ಎರಡು ಸಲ ಪೂರ್ತಿ ಓದೀನಿ. ಆದ್ರೂ ಮುಚ್ಚಿದ ಮ್ಯಾಲೆ ಏನೂ ನೆನಪಾಗವಲ್ದು. ಯಾಕೆ?

ನೀನು ಓದಿದ್ದೀಯ, ಆದರೆ ನೆನಪಿಸಿಕೊಂಡಿಲ್ಲ. ಇವೆರಡೂ ಬೇರೆ ಬೇರೆ ಕೆಲಸ. ದಿನಾ ಅದೇ ಬಸ್ಸಿಗೆ ಬರುವವರ ಮುಖ ನಮಗೆ ಗೊತ್ತಿರುತ್ತದೆ, ಹೆಸರು ಕೇಳಿದರೆ ಗೊತ್ತಿರುವುದಿಲ್ಲ. ಪುಸ್ತಕದ ಪುಟವೂ ಹಾಗೆಯೇ. ಎರಡನೆಯ ಸಲ ಓದುವಾಗ "ಇದು ಗೊತ್ತು" ಅನ್ನಿಸುತ್ತದೆ. ಗೊತ್ತಿರುವುದು ಪುಟದ ಮುಖ ಮಾತ್ರ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಮಣ್ಣಿನ ಪಾಠವನ್ನು ಏಳು ಸಲ ಓದಿದ್ದೆ. ಪರೀಕ್ಷೆಯಲ್ಲಿ ಕಪ್ಪು ಮಣ್ಣಿನ ಲಕ್ಷಣ ಕೇಳಿದ್ದರು. ಪುಟದ ಎಡಗಡೆ ಚಿತ್ರವಿತ್ತು, ಮೂಲೆಯಲ್ಲಿ ನನ್ನ ಮಸಿ ಚೆಲ್ಲಿತ್ತು, ಅಷ್ಟೂ ಕಣ್ಣ ಮುಂದೆ ಬಂತು. ಅಕ್ಷರಗಳು ಮಾತ್ರ ಬರಲಿಲ್ಲ. ನಾನು ಎರಿ ಹೊಲದಲ್ಲೇ ಬೆಳೆದ ಹುಡುಗಿ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಈಗ ನನ್ನ ಮಕ್ಕಳಿಗೆ ಹೇಳಿಕೊಡುವುದು ಇಷ್ಟು. ಪಾಠ ಒಮ್ಮೆ ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು ನೀಲಿ ಪೆನ್ನಿನಲ್ಲಿ ಬರೆಯಿರಿ. ಅರ್ಧ ಬರುತ್ತದೆಯೋ ಕಾಲು ಬರುತ್ತದೆಯೋ, ಬಂದಷ್ಟು ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮುಂದಿನ ಸಲ ಓದಬೇಕಾದದ್ದು ಆ ಕೆಂಪು ಸಾಲುಗಳನ್ನು ಮಾತ್ರ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೆನಪಿಸಿಕೊಂಡು ಬರೆದವರು ಮುಂದಿದ್ದರು. ನಮ್ಮ ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ, ಅಲ್ವಾ?

ಓದಿದ್ದನ್ನು ಎಷ್ಟು ದಿನಕ್ಕೊಮ್ಮೆ ತಿರುಗಿ ನೋಡಬೇಕು?

ಮರುದಿನ ಒಮ್ಮೆ, ನಾಲ್ಕನೆಯ ದಿನ ಒಮ್ಮೆ, ಹತ್ತನೆಯ ದಿನ ಒಮ್ಮೆ, ತಿಂಗಳಿಗೆ ಒಮ್ಮೆ. ಈ ಲೆಕ್ಕ ಕಲ್ಲಿನಲ್ಲಿ ಕೊರೆದದ್ದಲ್ಲ, ನಮ್ಮ ಪಡಸಾಲೆಗೆ ಒಗ್ಗಿದ್ದು. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು, 1885ರಲ್ಲಿ ಪ್ರಕಟಿಸಿದರು. ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಸೋರಿಹೋಗುತ್ತದೆ, ಆಮೇಲೆ ಸೋರುವುದು ನಿಧಾನವಾಗುತ್ತದೆ. ಅದಕ್ಕೇ ಮರುದಿನದ ಹತ್ತು ನಿಮಿಷಕ್ಕೆ ಅಷ್ಟು ಬೆಲೆ. ಒಂದೇ ದಿನ ಐದು ತಾಸು ಕೂರುವುದಕ್ಕಿಂತ ಐದು ದಿನ ಒಂದೊಂದು ತಾಸು ಕೂತರೆ ಹೆಚ್ಚು ಉಳಿಯುತ್ತದೆ. ಅಡ್ಡಮಳೆ ಹರಿದುಹೋಗುತ್ತದೆ, ಜಿಟಿಜಿಟಿ ಮಳೆ ಇಂಗುತ್ತದೆ. ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನಕ್ಕೆ ಒಂದೇ ವಿಷಯ ಓದಬೇಕಾ?

ಬೇಡ. ಎರಡು ಅಥವಾ ಮೂರು ಇರಲಿ. ವಿಜ್ಞಾನದ ಲೆಕ್ಕ ಬಿಡಿಸಿ ದಣಿದ ಮೇಲೆ ಪದ್ಯ ಓದಿದರೆ ಮನಸ್ಸು ಹಗುರಾಗುತ್ತದೆ.

ರಸಾಯನಶಾಸ್ತ್ರದ ಸಮೀಕರಣಗಳು ತಲೆಯಲ್ಲಿ ನಿಲ್ಲುವುದಿಲ್ಲ. ಬಾಯಿಪಾಠ ಮಾಡಲೇಬೇಕಾ?

ಕೆಲವನ್ನು ಬಾಯಿಪಾಠ ಮಾಡಬೇಕು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲು ಅವನ್ನು ಮನೆಯಲ್ಲಿ ಹುಡುಕಿ.

ಹಬ್ಬಕ್ಕೆ ಮನೆಗೆ ಸುಣ್ಣ ಹಚ್ಚುವುದನ್ನು ನೋಡಿದ್ದೀರಿ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಬಕೆಟ್ ಬಿಸಿಯಾಗುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ನೀರಿನೊಂದಿಗೆ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತಿದೆ. ಎರಡು ಸೇರಿ ಒಂದಾಯಿತು, ಆದ್ದರಿಂದ ಸಂಯೋಗ ಕ್ರಿಯೆ. ಶಾಖ ಹೊರಗೆ ಬಂತು, ಆದ್ದರಿಂದ ಬಹಿರುಷ್ಣಕ ಕ್ರಿಯೆ. ಗೋಡೆಗೆ ಹಚ್ಚಿದ ದಿನ ಮಂಕಾಗಿ ಕಾಣುತ್ತದೆ. ಎರಡು ಮೂರು ದಿನಕ್ಕೆ ಬೆಳ್ಳಗೆ ಹೊಳೆಯುತ್ತದೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಗೋಡೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಕೂತಿದೆ. ಒಂದು ಬಕೆಟ್ ಸುಣ್ಣದಲ್ಲಿ ಪರೀಕ್ಷೆಯ ಎರಡು ಪ್ರಶ್ನೆ ಇವೆ.

ಗಿರ್ಮಿಟ್ ಜೊತೆಗಿನ ಮಿರ್ಚಿ ಯಾಕೆ ಉಬ್ಬುತ್ತದೆ? ಹಿಟ್ಟಿಗೆ ಚಿಟಿಕೆ ಸೋಡಾ ಹಾಕಿರುತ್ತಾರೆ. ಕಾದ ಎಣ್ಣೆಗೆ ಬಿದ್ದಾಗ ಸೋಡಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಆ ಗಾಳಿ ಹಿಟ್ಟನ್ನು ಉಬ್ಬಿಸುತ್ತದೆ. ಹಿಂದೆ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ಸೋಡಾ ಜಾಸ್ತಿಯಾದರೆ ಮಿರ್ಚಿ ಕಹಿ ಹೊಡೆಯುವುದು ಅದರಿಂದಲೇ. ಶಾಖದಿಂದ ಒಂದು ವಸ್ತು ಒಡೆದು ಹಲವಾಯಿತು ಅಂದರೆ ಅದು ವಿಭಜನ ಕ್ರಿಯೆ.

ಇನ್ನೊಂದನ್ನು ಇವತ್ತೇ ಮಾಡಿ ನೋಡಿ. ಬಿಳಿ ಅರಿವೆ ಮೇಲಿನ ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ. ಸಾಬೂನು ಪ್ರತ್ಯಾಮ್ಲೀಯ, ಅರಿಶಿನ ಸೂಚಕ. ಚೆನ್ನಾಗಿ ನೀರಲ್ಲಿ ಜಾಲಿಸಿದರೆ ಮತ್ತೆ ಹಳದಿ. ಒಮ್ಮೆ ಕೈಯಾರೆ ಮಾಡಿದ ಹುಡುಗಿ ಅದನ್ನು ಮರೆತದ್ದನ್ನು ನಾನು ನೋಡಿಲ್ಲ.

ಇಷ್ಟಾದ ಮೇಲೆ ಸಮೀಕರಣ ಬರೆಯಿರಿ, ಎರಡೂ ಬದಿಯ ಪರಮಾಣುಗಳನ್ನು ಎಣಿಸಿ ಸರಿದೂಗಿಸಿ. ಸರಿದೂಗಿಸದ ಸಮೀಕರಣಕ್ಕೆ ಪೂರ್ತಿ ಅಂಕ ಸಿಗುವುದಿಲ್ಲ.

ಭೌತಶಾಸ್ತ್ರದ ಲೆಕ್ಕ ಕಂಡರೆ ಹೆದರಿಕೆ.

ಹೆಚ್ಚಿನ ತಪ್ಪು ಆಗುವುದು ಸೂತ್ರದಲ್ಲಲ್ಲ, ಮಾನದಲ್ಲಿ. ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಗೊತ್ತಲ್ಲ? ಪ್ರಪಂಚದಲ್ಲೇ ಉದ್ದನೆಯದು ಎಂದು 2023ರಲ್ಲಿ ಉದ್ಘಾಟನೆಯಾಯಿತು. ನಾನು ಕೊಡುವ ಲೆಕ್ಕ ಇದು: 493 ಮೀಟರ್ ಉದ್ದದ ರೈಲು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಆ ಪ್ಲಾಟ್‌ಫಾರ್ಮನ್ನು ಪೂರ್ತಿ ದಾಟಲು ಎಷ್ಟು ಹೊತ್ತು ಬೇಕು? ಮಕ್ಕಳು 1507ನ್ನು 72ರಿಂದ ಭಾಗಿಸಲು ಹೊರಡುತ್ತಾರೆ. ತಡೆಯಿರಿ. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್. ರೈಲಿನ ಬಾಲವೂ ದಾಟಬೇಕು, ಆದ್ದರಿಂದ ದೂರ 2000 ಮೀಟರ್. ಉತ್ತರ 100 ಸೆಕೆಂಡ್.

ವಿದ್ಯುತ್ ಪಾಠಕ್ಕೆ ಮನೆಯ ಕರೆಂಟ್ ಬಿಲ್ ಇಟ್ಟುಕೊಂಡು ಕೂರಿ. 1500 ವ್ಯಾಟ್‌ನ ಹೀಟರ್ ದಿನಾ ಅರ್ಧ ತಾಸು ಹಚ್ಚಿದರೆ ದಿನಕ್ಕೆ 0.75 ಯೂನಿಟ್, 30 ದಿನಕ್ಕೆ 22.5 ಯೂನಿಟ್. ಮನೆಯ ವೋಲ್ಟೇಜ್ 220 ಎಂದು ಹಿಡಿದರೆ ಹೀಟರ್‌ನಲ್ಲಿ ಹರಿಯುವ ಕರೆಂಟ್ ಸುಮಾರು 6.8 ಆಂಪಿಯರ್. 5 ಆಂಪಿಯರ್‌ನ ಸಣ್ಣ ಪ್ಲಗ್ಗಿಗೆ ಅದನ್ನು ಯಾಕೆ ಸಿಕ್ಕಿಸಬಾರದು ಎಂಬುದು ಆಗ ತಾನಾಗಿಯೇ ಹೊಳೆಯುತ್ತದೆ.

ಅನುವಂಶೀಯತೆ ಪಾಠದ 3:1 ಅಂದರೆ ಏನು? ಚೌಕದಲ್ಲಿ ಅಕ್ಷರ ತುಂಬ್ತೀವಿ, ಅರ್ಥ ಆಗಲ್ಲ.

ಈ ಪ್ರಶ್ನೆಗೆ ಒಳ್ಳೆಯ ಉತ್ತರ ನನಗೆ ಸಿಕ್ಕದ್ದು ಒಬ್ಬ ಹುಡುಗನ ಅಪ್ಪನಿಂದ. ಹತ್ತಿ ಬೆಳೆಯುವವರು. ಮಗನನ್ನು ಕರೆಯಲು ಬಂದವರು ಕೇಳಿದರು: "ಹೈಬ್ರಿಡ್ ಹತ್ತಿ ಬೀಜ ನಾವs ಎತ್ತಿಟ್ಟು ಬಿತ್ತಿದ್ರ ಯಾಕ ಸಮ ಬರೂದಿಲ್ರೀ?"

ಅದೇ ಮೆಂಡಲನ ಪಾಠ. ಎತ್ತರದ ಬಟಾಣಿ, ಗಿಡ್ಡ ಬಟಾಣಿ ಕೂಡಿಸಿದಾಗ ಮೊದಲ ಪೀಳಿಗೆಯೆಲ್ಲ ಎತ್ತರ. ಎಲ್ಲವೂ ಒಂದೇ ಸಮ. ಆ ಗಿಡಗಳ ಬೀಜವನ್ನೇ ಬಿತ್ತಿದಾಗ ಅಡಗಿದ್ದ ಗಿಡ್ಡ ಗುಣ ಹೊರಗೆ ಬರುತ್ತದೆ. ಮೂರು ಎತ್ತರಕ್ಕೆ ಒಂದು ಗಿಡ್ಡ. ಹೈಬ್ರಿಡ್ ಹತ್ತಿಯೂ ಮೊದಲ ಪೀಳಿಗೆಯೇ. ಅದರ ಬೀಜ ಎತ್ತಿಟ್ಟರೆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ, ಹೊಲ ಏರುಪೇರಾಗುತ್ತದೆ. ಹತ್ತಿಯಲ್ಲಿ ಇಂಥ ಗುಣಗಳು ಬಹಳ, ಒಂದೊಂದಕ್ಕೂ ಹಲವು ಜೀನ್‌ಗಳು. ಆದ್ದರಿಂದ ಲೆಕ್ಕ ಬಟಾಣಿಯಷ್ಟು ಸರಳವಾಗಿ ಬರುವುದಿಲ್ಲ, ಆದರೆ ಕಾರಣ ಅದೇ. ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ಮಾಡಿದ ವರಲಕ್ಷ್ಮಿ ಎಂಬ ಹೈಬ್ರಿಡ್ ನಮ್ಮ ಧಾರವಾಡದಲ್ಲೇ ರೂಪುಗೊಂಡು 1972ರಲ್ಲಿ ಹೊರಬಂತು. ಈ ಭಾಗದ ಹಿರಿಯರನ್ನು ಕೇಳಿ, ಹೆಸರು ನೆನಪಿರುತ್ತದೆ.

ಆ ಹುಡುಗ ಅಪ್ಪನ ಪಕ್ಕ ನಿಂತು ಕೇಳಿಸಿಕೊಂಡ. ಮರುದಿನ ಬಂದು ಚೌಕವನ್ನು ಅಕ್ಷರ ಬಿಡದೆ ತುಂಬಿದ.

ಚಿತ್ರಗಳು?

ಹೃದಯ, ನೆಫ್ರಾನ್, ಹೂವಿನ ಉದ್ದ ಸೀಳಿಕೆ, ಮಿದುಳು, ಕಿರಣ ಚಿತ್ರಗಳು. ದಿನಕ್ಕೊಂದು, ಪುಸ್ತಕ ನೋಡದೆ, ಐದು ನಿಮಿಷದಲ್ಲಿ. ಅಂದ ಮುಖ್ಯವಲ್ಲ. ಹೆಸರು ಬರೆಯುವ ಗೆರೆ ಸರಿಯಾದ ಭಾಗವನ್ನೇ ಮುಟ್ಟಬೇಕು. ಕಿರಣ ಚಿತ್ರದಲ್ಲಿ ಬಾಣದ ಗುರುತು ಮರೆಯಬೇಡಿ.

ಕನ್ನಡದಲ್ಲಿ ಛಂದಸ್ಸು ಬಿಟ್ಟುಬಿಡಲಾ? ಪ್ರಸ್ತಾರ ಹಾಕೋದು ಬರಲ್ಲ.

ದಯವಿಟ್ಟು ಬಿಡಬೇಡಿ. ಇಷ್ಟು ಖಾತ್ರಿ ಅಂಕ ಬೇರೆ ಕಡೆ ಸಿಗುವುದು ಕಡಿಮೆ. ನಾನು ಮಕ್ಕಳನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು ಬಸ್ಸಿನ ಬೋರ್ಡ್ ನೋಡಿ ಮಾತ್ರೆ ಎಣಿಸಲು ಹೇಳುತ್ತೇನೆ. ಲಘು ಒಂದು ಮಾತ್ರೆ, ಗುರು ಎರಡು. ದೀರ್ಘ ಅಕ್ಷರ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಸೊನ್ನೆ, ವಿಸರ್ಗ ಇದ್ದರೆ ಗುರು. ಐ, ಔ ಕೂಡ ಗುರು. ಈಗ ಎಣಿಸಿ.

ಗದಗ: ಮೂರೂ ಲಘು, ಮೂರು ಮಾತ್ರೆ. ಬ್ಯಾಡಗಿ: ಬ್ಯಾ ಗುರು, ಉಳಿದೆರಡು ಲಘು, ನಾಲ್ಕು. ಹುಬ್ಬಳ್ಳಿ: ಒತ್ತಿನ ಹಿಂದಿರುವ ಹು ಗುರು, ಮುಂದೆ ಮತ್ತೊಂದು ಒತ್ತು ಇರುವುದರಿಂದ ಬ್ಬ ಕೂಡ ಗುರು, ಳ್ಳಿ ಲಘು, ಐದು. ಧಾರವಾಡ: ಗುರು, ಲಘು, ಗುರು, ಲಘು, ಆರು. ಮೂರು, ನಾಲ್ಕು, ಐದು, ಆರು! ಮೊದಲ ಸಲ ಎಣಿಸಿದಾಗ ನನಗೇ ಮೈ ಜುಮ್ಮೆಂದಿತ್ತು.

ಒಂದು ಎಚ್ಚರ ಇರಲಿ. ಹುಬ್ಬಳ್ಳಿಯ ಕೊನೆಯ ಳ್ಳಿಯನ್ನು ಹಲವರು ಗುರು ಎಂದು ಬರೆಯುತ್ತಾರೆ. ಒತ್ತು ತನಗಲ್ಲ, ತನ್ನ ಹಿಂದಿನ ಅಕ್ಷರಕ್ಕೆ ಭಾರ ಕೊಡುತ್ತದೆ.

ಮೂರು, ನಾಲ್ಕು ಕೈಗೆ ಬಂತೆಂದರೆ ಭಾಮಿನಿ ಷಟ್ಪದಿ ಬಂದ ಹಾಗೆಯೇ. ಆರು ಸಾಲು. 1, 2, 4, 5ನೆಯ ಸಾಲಿನಲ್ಲಿ ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು 14 ಮಾತ್ರೆ. 3 ಮತ್ತು 6ನೆಯ ಸಾಲಿನಲ್ಲಿ ಅದೇ ಜೋಡಿ ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಪದ್ಯವಿಡೀ 102. ಕೋಳಿವಾಡದ ಕುಮಾರವ್ಯಾಸ ನಮ್ಮ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತದ ಮೊದಲ ಹತ್ತು ಪರ್ವಗಳ ಕಥೆಯನ್ನು ಇದೇ ಅಳತೆಯಲ್ಲಿ ಹೇಳಿದ. ಆ ಗುಡಿಯ ಕಂಬದ ಬುಡದಲ್ಲಿ ಕೂತು ಒಂದು ಪದ್ಯ ಗಟ್ಟಿಯಾಗಿ ಓದಿ. ಮೂರು-ನಾಲ್ಕು ಕಿವಿಗೆ ಕೇಳಿಸುತ್ತದೆ.

ಕವಿ ಪರಿಚಯ ಕಲಸಿಹೋಗುತ್ತದೆ. ಯಾರಿಗೆ ಯಾವ ಪ್ರಶಸ್ತಿ, ಯಾವ ವರ್ಷ?

ಊರಿನ ಮೂಲಕ ಹಿಡಿಯಿರಿ. ಧಾರವಾಡದ ಸಾಧನಕೇರಿಯ ದ. ರಾ. ಬೇಂದ್ರೆ, ಕಾವ್ಯನಾಮ ಅಂಬಿಕಾತನಯದತ್ತ, 'ನಾಕುತಂತಿ'ಗೆ 1973ರ ಜ್ಞಾನಪೀಠ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕ, ಕಾವ್ಯನಾಮ ವಿನಾಯಕ, 1990. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡ, 1998. ಕನಕದಾಸರು ಬಾಡ, ಕಾಗಿನೆಲೆಯವರು. ಶರೀಫಜ್ಜ ಶಿಶುನಾಳದವರು. ಎಲ್ಲ ಒಂದು ದಿನದ ಬಸ್ ಪ್ರಯಾಣದ ಅಳತೆಯಲ್ಲಿವೆ.

ಸಾರಾಂಶಕ್ಕೆ ಗೈಡ್ ಮುಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪದ್ಯವನ್ನು ಗಟ್ಟಿಯಾಗಿ ಎರಡು ಸಲ ಓದಿ, ಆಮೇಲೆ ತಮ್ಮನಿಗೋ ತಂಗಿಗೋ ಕಥೆಯಂತೆ ಹೇಳಿ. ಹೇಳಿದ್ದನ್ನೇ ಬರೆಯಿರಿ. ನಿಮ್ಮದೇ ಮಾತಿನ ನಾಲ್ಕು ಸಾಲು ನೆನಪಿರುತ್ತದೆ, ಗೈಡಿನ ಹತ್ತು ಸಾಲು ನೆನಪಿರುವುದಿಲ್ಲ.

ಭೂಗೋಳದಲ್ಲಿ ನಕಾಶೆ ಗುರುತಿಸುವುದೇ ಕಷ್ಟ.

ಭಾರತದ ನಕಾಶೆಯನ್ನು ದಿನಾ ಒಮ್ಮೆ ಕೈಯಲ್ಲಿ ಬರೆಯಿರಿ, ಐದು ಸ್ಥಳ ಗುರುತಿಸಿ. ಮರುದಿನ ಹಳೆಯ ಐದು, ಹೊಸ ಐದು. ಇಪ್ಪತ್ತು ದಿನಕ್ಕೆ ಕೈಗೇ ನೆನಪಾಗುತ್ತದೆ.

ರೇಖಾಂಶ ಅರ್ಥವಾಗದವರಿಗೆ ಒಂದು ಕೆಲಸ. ಭಾರತದ ಆದರ್ಶ ಕಾಲಮಾನ 82½ ಡಿಗ್ರಿ ಪೂರ್ವ ರೇಖಾಂಶದ್ದು. ಗದಗ ಇರುವುದು ಸುಮಾರು 75½ ಡಿಗ್ರಿಯಲ್ಲಿ. ವ್ಯತ್ಯಾಸ 7 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷ, ಒಟ್ಟು 28 ನಿಮಿಷ. ಅಂದರೆ ಗಡಿಯಾರ 12 ತೋರಿಸುವಾಗ ನಮ್ಮ ಊರಲ್ಲಿ ಮಧ್ಯಾಹ್ನ ಆಗಿರುವುದಿಲ್ಲ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆಯಿರಿ. ನೆರಳು ಅತಿ ಗಿಡ್ಡವಾಗುವುದು ಸುಮಾರು ಹನ್ನೆರಡೂವರೆಗೆ. ತಿಂಗಳಿನ ಮೇಲೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ನದಿಗಳಿಗೆ ಧಾರವಾಡದಿಂದ ಶುರು ಮಾಡಿ. ಅಲ್ಲಿನ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿಯ ಜೊತೆ ಸೇರಿ ಪಶ್ಚಿಮಕ್ಕೆ, ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆಣ್ಣಿಹಳ್ಳದ ನೀರು ಮಲಪ್ರಭೆ ಸೇರಿ, ಕೃಷ್ಣೆ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಜಿಲ್ಲೆಯ ಮಳೆ ಎರಡು ಸಮುದ್ರಕ್ಕೆ! ಪೂರ್ವಕ್ಕೆ, ಪಶ್ಚಿಮಕ್ಕೆ ಹರಿಯುವ ನದಿಗಳ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಮಣ್ಣಿಗೆ ಪುಸ್ತಕವೇ ಬೇಡ. ಎರಿ ಅಂದರೆ ಪಠ್ಯದ ಕಪ್ಪು ಮಣ್ಣು, ಮಸಾರಿ ಅಂದರೆ ಕೆಂಪು ಮಣ್ಣು. ಬೇಸಿಗೆಯಲ್ಲಿ ಎರಿ ಹೊಲದ ಬಿರುಕಿಗೆ ಕೈ ಇಟ್ಟು ನೋಡಿ, ಅಂಗೈ ಇಳಿಯುತ್ತದೆ. ಜೇಡಿ ಅಂಶ ಜಾಸ್ತಿ, ತೇವ ಹಿಡಿದಿಡುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಆ ತೇವದ ಮೇಲೆಯೇ ಹಿಂಗಾರಿ ಜೋಳ, ಕಡಲೆ ಬೆಳೆಯುತ್ತವೆ. ನಾನು ಪರೀಕ್ಷೆಯಲ್ಲಿ ಬರೆಯಲಾಗದ ಉತ್ತರ ಇದೇ.

ಭಾನುವಾರವೂ ಓದಬೇಕಾ?

ಬೆಳಿಗ್ಗೆ ಎರಡು ತಾಸು ಸಾಕು. ಚಳಿಗಾಲದಲ್ಲಿ ಆದರೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿಬನ್ನಿ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹಿಂಡು ಹಿಂಡಾಗಿ ಕೂತಿರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ.

ಅರ್ಥಶಾಸ್ತ್ರದ ಶಬ್ದಗಳೇ ಬಾಯಿಗೆ ಬರಲ್ಲ. ವಿತ್ತೀಯ ಕೊರತೆ ಅಂದ್ರೇನು?

ಮನೆ ಖರ್ಚಿನ ವಹಿ ತೆಗೆಯಿರಿ. ಒಂದು ನೇಕಾರರ ಮನೆ ಅಂದುಕೊಳ್ಳಿ. ತಿಂಗಳ ದುಡಿಮೆ 18,000 ರೂಪಾಯಿ. ರೇಷನ್ನು, ಬಾಡಿಗೆ, ಕರೆಂಟು, ಔಷಧಿ ಸೇರಿ ದಿನದ ಖರ್ಚು 17,000. ಅದೇ ತಿಂಗಳು ಅವ್ವ 6,000ದ ಹೊಲಿಗೆ ಯಂತ್ರ ಕೊಂಡಳು. ಹಳೆಯ ಸೈಕಲ್ ಮಾರಿ 1,000 ಬಂತು.

ದುಡಿಮೆ ಕಂದಾಯ ಆದಾಯ. ದಿನದ ಖರ್ಚು ಕಂದಾಯ ವೆಚ್ಚ. ಹೊಲಿಗೆ ಯಂತ್ರ ಬಂಡವಾಳ ವೆಚ್ಚ. ಸೈಕಲ್ ಮಾರಿದ ಹಣ ಸಾಲವಲ್ಲದ ಬಂಡವಾಳ ಆದಾಯ. ಒಟ್ಟು ವೆಚ್ಚ 23,000, ಸಾಲ ಬಿಟ್ಟು ಬಂದದ್ದು 19,000. ಉಳಿದ 4,000ವನ್ನು ಸ್ವಸಹಾಯ ಸಂಘದಿಂದ ಸಾಲ ತಂದಳು. ಆ 4,000ವೇ ವಿತ್ತೀಯ ಕೊರತೆ. ಈ ಮನೆಯಲ್ಲಿ ಕಂದಾಯ ಕೊರತೆ ಇದೆಯೇ? ಇಲ್ಲ. ದುಡಿಮೆ ದಿನದ ಖರ್ಚಿಗಿಂತ 1,000 ಜಾಸ್ತಿಯೇ ಇದೆ. ಸಾಲ ಆದದ್ದು ಯಂತ್ರಕ್ಕೆ, ಮತ್ತು ಆ ಯಂತ್ರ ನಾಳೆ ದುಡಿಯುತ್ತದೆ. ದಿನದ ಅಕ್ಕಿಗೇ ಸಾಲ ತರುವ ಮನೆಯ ಕಥೆ ಬೇರೆ. ಇಷ್ಟು ತಿಳಿದ ಮಗು ಸರ್ಕಾರದ ಬಜೆಟ್ಟನ್ನು ಪತ್ರಿಕೆಯಲ್ಲಿ ಓದಬಲ್ಲದು.

ಸಹಕಾರ ಅನ್ನುವ ಶಬ್ದವೂ ನಮಗೆ ದೂರದ್ದಲ್ಲ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ತಮ್ಮದೇ ಪತ್ತಿನ ಸಂಘ ಕಟ್ಟಿದರು. ನಮ್ಮ ರಾಜ್ಯದ ಸಹಕಾರ ಚಳವಳಿಯ ಚರಿತ್ರೆ ಅಲ್ಲಿಂದಲೇ ಶುರುವಾಗುತ್ತದೆ.

ನನಗ ಓದು ಬರೂದಿಲ್ರೀ. ಮಗಳಿಗೆ ಹೆಂಗ್ ಸಹಾಯ ಮಾಡ್ಲಿ?

ಈ ಪ್ರಶ್ನೆ ಕೇಳಿದ ತಾಯಿ ಬಾಗಿಲ ಹೊರಗೇ ನಿಂತಿದ್ದರು, ಒಳಗೆ ಬರಲು ಹಿಂಜರಿದರು. ನಾನು ಹೇಳಿದ್ದು ಇಷ್ಟೇ: "ಅವ್ವ, ರೊಟ್ಟಿ ಬಡಿಯುವಾಗ ಎದುರಿಗೆ ಕೂರಿಸಿಕೊಳ್ರಿ. ಇವತ್ತು ಏನು ಓದಿದಿ, ನನಗೆ ಹೇಳು ಅನ್ನಿ. ತಿಳಿಯದಿದ್ದರೆ 'ಅಂದ್ರ?' ಅನ್ನಿ. ಅಷ್ಟು ಸಾಕು."

ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಹಂಚಿನ ಮೇಲೆ ರೊಟ್ಟಿ, ಮಗಳು ಮೂತ್ರಪಿಂಡದ ಪಾಠ ಹೇಳುತ್ತಿದ್ದಳು. "ರಕ್ತ ಸೋಸ್ತೈತಿ." "ಅಂದ್ರ?" "ಜರಡಿ ಹಿಡಿದಂಗ, ಬೇಕಾದ್ದು ಉಳಿಸ್ಕೊಂಡು ಬ್ಯಾಡಾದ್ದು ಹೊರಗ." "ಮತ್ತ ಬೇಕಾದ್ದು ಸಣ್ಣದಿದ್ರ? ಅದೂ ಜರಡ್ಯಾಗ ಇಳಿದು ಹೋಗೂದಿಲ್ಲೇನು?" ಹುಡುಗಿ ಗಕ್ಕನೆ ನಿಂತಳು. ಎದ್ದು ಹೋಗಿ ಪುಸ್ತಕ ತಂದಳು. ಗ್ಲುಕೋಸ್ ಸೋಸಿ ಇಳಿದುಹೋಗುವುದು ನಿಜ, ಆಮೇಲೆ ನೆಫ್ರಾನ್‌ನ ನಾಳ ಅದನ್ನು ಮತ್ತೆ ಹೀರಿಕೊಳ್ಳುತ್ತದೆ ಎಂಬ ಸಾಲು ಅಲ್ಲಿತ್ತು. ಅದನ್ನು ಓದಿ ಹೇಳಿದಳು. ಅವ್ವ ರೊಟ್ಟಿ ತಿರುವಿ ಹಾಕಿ "ಹಂಗಂತ ಮೊದ್ಲ ಹೇಳಬಾರದಾ" ಅಂದರು.

ರಾತ್ರಿ ಎರಡರವರೆಗೆ ಕೂರಿಸಿದರೆ ಹೆಚ್ಚು ಅಂಕ ಬರುತ್ತದಾ?

ಇಲ್ಲ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. ಹತ್ತಕ್ಕೆ ಮಲಗಲಿ, ಐದಕ್ಕೆ ಎಬ್ಬಿಸಿ. ಪಕ್ಕದ ಮನೆಯ ಮಗುವಿನ ಅಂಕದ ಮಾತು ಈ ಮೂರು ತಿಂಗಳು ಎತ್ತಬೇಡಿ.

ಪರೀಕ್ಷೆಯ ಹಿಂದಿನ ದಿನ ಏನು ಓದಲಿ?

ಹೊಸದೇನೂ ಬೇಡ. ಹಾಳೆಗಳ ಮೇಲಿನ ಕೆಂಪು ಸಾಲುಗಳನ್ನಷ್ಟೇ ನೋಡಿ. ಜನವರಿಯ ಹಾಳೆಯಲ್ಲಿ ಕೆಂಪು ತುಂಬಿರುತ್ತದೆ, ಮಾರ್ಚಿನ ಹಾಳೆಯಲ್ಲಿ ನೀಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿಕೊಳ್ಳಿ, ಎದೆ ಹಗುರಾಗುತ್ತದೆ. ನಾಳೆ ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ 15 ನಿಮಿಷದಲ್ಲಿ ಚೆನ್ನಾಗಿ ಬರುವ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳಿ, ಅವನ್ನೇ ಮೊದಲು ಬರೆಯಿರಿ. ಈಗ ಹಾಲ್ ಟಿಕೆಟ್, ಎರಡು ಪೆನ್ನು, ಪೆನ್ಸಿಲ್, ಸ್ಕೇಲು ಚೀಲಕ್ಕೆ ಹಾಕಿ ಮಲಗಿ.